ಬಾಳಂತಿಗೆ ಒಂದೇ ಕಡೆ ಎದೆ ಗಟ್ಟಿ, ಚಳಿಜ್ವರ: ಹಾಲು ಕಟ್ಟಿದ್ದಾ, ಬಾವಾ?

ಹುಬ್ಬಳ್ಳಿ ಅಳಿಯ
ಎಲ್ಲರಿಗೂ ನಮಸ್ಕಾರ. ನಾನಿರೋದು ಹುಬ್ಬಳ್ಳಿಯಲ್ಲಿ. ಹೆಂಡತಿ ಬಾಳಂತನಕ್ಕೆ ತವರಿಗೆ ಹೋಗಿದ್ದಾಳೆ. ಶಿರಸಿಯಿಂದ ಸುಮಾರು ಒಳಗೆ, ಬೆಳಿಗ್ಗೆ ಒಂದು ಸಂಜೆ ಒಂದು ಬಸ್ಸು ಬರೋ ಊರು. ಮಗುವಿಗೆ ತಿಂಗಳು ತುಂಬಿದೆ. ನಿನ್ನೆ ಸಂಜೆಯಿಂದ ಎಡಗಡೆ ಎದೆಯ ಹೊರಬದಿ ಗಟ್ಟಿಯಾಗಿದೆ, ಮುಟ್ಟಿದರೆ ಸುಡ್ತದೆ ಅಂತಾಳೆ. ರಾತ್ರಿ ಚಳಿ ಬಂದು ಎರಡು ಕಂಬಳಿ ಹೊದ್ದರೂ ನಡುಕ ನಿಲ್ಲಲಿಲ್ಲವಂತೆ. ಬೆಳಿಗ್ಗೆ ಜ್ವರ 101 ದಾಟಿದೆ. ಅತ್ತೆಯವರು ಹಾಲು ಕಟ್ಟಿದೆ, ಬಿಸಿನೀರು ಹೊಯ್ದು ತಿಕ್ಕಿದರೆ ಇಳಿಯುತ್ತದೆ ಅಂತಾರೆ. ಪಕ್ಕದ ಮನೆಯವರು ದೃಷ್ಟಿ ಅಂತಾರೆ. ಆ ಬದಿ ಹಾಲು ಮಗುವಿಗೆ ಕೊಡಲೇಬೇಡ ಅಂತ ಇನ್ಯಾರೋ ಹೇಳಿದ್ದಾರೆ. ಮಳೆ ಬೇರೆ ಬಿಡ್ತಾ ಇಲ್ಲ. ಒಂದು ದಿನ ಕಾದು ನೋಡಬಹುದಾ, ಇಲ್ಲ ಇವತ್ತೇ ಶಿರಸಿಗೆ ಕರೆದುಕೊಂಡು ಹೋಗಬೇಕಾ? ಗೊತ್ತಿದ್ದವರು ಹೇಳಿ.

ಅಘನಾಶಿನಿ
ಚಳಿ ಬಂದು ಜ್ವರ ಏರಿದೆ ಅಂದ್ಮೇಲೆ ಇಲ್ಲಿ ಎಂತದ್ದು ಕೇಳ್ತಾ ಕೂತಿದ್ದೀರಿ ಮಾರಾಯ್ರೆ. ಇವತ್ತೇ ಹೋಗಲಿ.

ಬನವಾಸಿ ದಾರಿ
ಅದೇ. ಇವತ್ತೇ. ಉಳಿದದ್ದು ಆಮೇಲೆ ಚರ್ಚೆ ಮಾಡುವ.

ಅಮ್ಮಮ್ಮನ ಮದ್ದು
ನಮ್ಮ ಕಾಲದಲ್ಲಿ ಮನೆಗೊಬ್ಬರಿಗೆ ಹೀಗೆ ಆಗ್ತಿತ್ತು. ಎಲ್ಲರೂ ಆಸ್ಪತ್ರೆಗೆ ಓಡಿದ್ರಾ? ಬಿಸಿನೀರಿನ ಶಾಖ ಕೊಟ್ಟು, ಹರಳೆಣ್ಣೆ ಹಚ್ಚಿ, ಗಂಟು ಕರಗುವವರೆಗೆ ತಿಕ್ಕಿ ಹಾಲು ಹಿಂಡಿ ಚೆಲ್ಲಿದರೆ ಮರುದಿನ ಎದ್ದು ಓಡಾಡ್ತಿದ್ದರು. ಅದಕ್ಕೂ ಬಗ್ಗದಿದ್ದರೆ ಸುಣ್ಣ-ಬೆಲ್ಲದ ಪಟ್ಟು. ಈಗಿನವರಿಗೆ ಎಲ್ಲದಕ್ಕೂ ಸ್ಕ್ಯಾನಿಂಗ್ ಬೇಕು.

ಕಾಳಿ ಸೇತುವೆ
ಸುಣ್ಣ ಹಚ್ಚಿದ ಎದೆಗೆ ಮಗು ಬಾಯಿ ಹಾಕೋದಾ ಅಮ್ಮಮ್ಮ? ತೊಟ್ಟಿನ ಹತ್ತಿರ ಚರ್ಮ ಮೊದಲೇ ಬಿರಿದಿರ್ತದೆ. ಅಲ್ಲಿಗೆ ಸುಣ್ಣ ತಾಗಿದರೆ ಸುಟ್ಟ ಗಾಯ ಆಗ್ತದೆ. ಬೇಡವೇ ಬೇಡ.

ವಾರ್ಡಿನ ಅಕ್ಕ
ಹೆರಿಗೆ ವಾರ್ಡಿನಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವಳು ನಾನು, ಈಗ ನಿವೃತ್ತಿ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಿಲ್ಲದೆ ಓದಿ.

ಹಾಲು ಕಟ್ಟುವುದು ಬೇರೆ, ಬಾವು ಬೇರೆ. ಹೆರಿಗೆಯಾಗಿ ಮೂರರಿಂದ ಐದು ದಿನದ ಹೊತ್ತಿಗೆ ಹಾಲು ಇಳಿಯುವಾಗ ಎರಡೂ ಎದೆ ಒಟ್ಟಿಗೆ ಬಿಗಿಯುತ್ತವೆ. ಕೆಲವರಿಗೆ ಕಂಕುಳಲ್ಲೂ ಉಬ್ಬಿಕೊಂಡು, ಇದೆಂಥಾ ಗಡ್ಡೆ ಅಂತ ಹೆದರಿ ಬರುತ್ತಾರೆ. ಕಂಕುಳವರೆಗೂ ಹಾಲಿನ ಗ್ರಂಥಿ ಹಬ್ಬಿದವರಿಗೆ ಅದು ಸಹಜ. ಮಗು ಸರಿಯಾಗಿ ಕುಡಿಯತೊಡಗಿದ ಮೇಲೆ ತಾನಾಗಿ ಇಳಿಯುತ್ತದೆ. ಅದು ಹಾಲು ಕಟ್ಟಿದ್ದು.

ಒಂದೇ ಕಡೆ ಸಣ್ಣ ಗಂಟು, ಒತ್ತಿದರೆ ನೋವು, ಜ್ವರ ಇಲ್ಲ, ಊಟ ತಿಂಡಿ ಸರಿ ಇದೆ ಅಂದರೆ ಆ ಜಾಗದ ಹಾಲಿನ ನಾಳ ಬಿಗಿದದ್ದು. ಒಂದು ದಿನ ಮನೆಯಲ್ಲೇ ನೋಡಬಹುದು.

ಒಂದು ಎದೆಯ ಒಂದು ಭಾಗ, ಹೆಚ್ಚಾಗಿ ಹೊರಗೆ ಅಗಲವಾಗಿ ತೊಟ್ಟಿನ ಕಡೆಗೆ ಕಿರಿದಾಗುತ್ತ ಬರುವ ಪಟ್ಟಿ, ಗಟ್ಟಿ, ಬಿಸಿ, ಮುಟ್ಟಲಾರದ ನೋವು. ಜೊತೆಗೆ ಮೈಕೈ ನೋವು, ಚಳಿ, ಜ್ವರ 101ರ ಮೇಲೆ. ಇದು ಬಾವು. ಹೆರಿಗೆಯಾದ ಮೊದಲ ಆರು ವಾರದಲ್ಲಿ ಹೆಚ್ಚು, ಆದರೆ ಹಾಲೂಡಿಸುವಷ್ಟು ದಿನವೂ ಬರಬಹುದು. ಎಷ್ಟೋ ಜನಕ್ಕೆ ಮೊದಲು ಚಳಿಜ್ವರ, ಎದೆ ನೋವು ಆಮೇಲೆ. ಹಾಗಾಗಿ ಜ್ವರಕ್ಕೆ ಮಾತ್ರೆ ತಿಂದು ಮಲಗುತ್ತಾರೆ, ಎದೆ ನೋಡಿಕೊಳ್ಳುವುದೇ ಇಲ್ಲ.

ಇನ್ನೊಂದು ವಿಷಯ, ಪುಸ್ತಕದಲ್ಲಿ ಕೆಂಪಾಗುತ್ತದೆ ಅಂತ ಇರುತ್ತದೆ. ನಮ್ಮ ಮೈಬಣ್ಣದಲ್ಲಿ ಕೆಂಪು ಕಾಣದೇ ಹೋಗಬಹುದು. ಕೆಂಪಿಲ್ಲ, ಹಾಗಾಗಿ ಬಾವಲ್ಲ ಅಂತ ಬಿಡಬೇಡಿ. ಕೈಯ ಹಿಂಬದಿ ಇಟ್ಟು ಎರಡೂ ಎದೆಗೆ ಹೋಲಿಸಿ ನೋಡಿ. ಬಾವಿರುವ ಕಡೆ ಬಿಸಿ ಗೊತ್ತಾಗುತ್ತದೆ. ಬೆಳಕಿಗೆ ತಿರುಗಿದರೆ ಅಲ್ಲಿಯ ಚರ್ಮ ಬಿಗಿದು ಹೊಳೆಯುತ್ತಿರುತ್ತದೆ.

ಅಳಿಯಂದಿರು ಬರೆದದ್ದು ಓದಿದರೆ ಇದು ಬಾವೇ. ಕಾಯಬೇಡಿ. ಆ ಬದಿ ಹಾಲು ಮಗುವಿಗೆ ಕೊಡಬಹುದು, ಕೊಡಬೇಕು. ಚೆನ್ನಾಗಿ ಕುಡಿಸಿ, ಉಳಿದದ್ದನ್ನು ಪೂರ್ತಿ ಹಿಂಡಿ ಖಾಲಿ ಮಾಡಲಿ. ಒಮ್ಮೆಲೇ ನಿಲ್ಲಿಸಿದರೆ ಒಳಗೆ ಕೀವಾಗುವ ಸಂಭವ ಹೆಚ್ಚು.

ಕೊಟ್ಟಿಗೆ ಮಾಣಿ
ಗಂಡಸು ಬಾಯಿ ಹಾಕಿದ ಅಂತ ಬೈಬೇಡಿ. ನಮ್ಮ ಜರ್ಸಿ ದನಕ್ಕೆ ಕೆಚ್ಚಲು ಬಾವು ಬಂದಾಗ ಪಶು ಡಾಕ್ಟ್ರು ಆ ಮೊಲೆಯ ಹಾಲು ಕರೆದು ಚೆಲ್ಲಿ, ಡೇರಿಗೆ ಹಾಕಬೇಡಿ, ಕರುವಿಗೂ ಬಿಡಬೇಡಿ ಅಂದಿದ್ರು. ಲಕ್ಷಣ ಎಲ್ಲ ಇದೇ. ಮತ್ತೆ ಮಗುವಿಗೆ ಮಾತ್ರ ಹೇಗೆ ಕುಡಿಸೋದು?

ಅಘನಾಶಿನಿ
ದನದ ಸಾಲಲ್ಲಿ ನಿಲ್ಲಿಸಿಯೇ ಬಿಟ್ಟೆಯಲ್ಲ ಮಾಣಿ ನಮ್ಮನ್ನ 😄

ವಾರ್ಡಿನ ಅಕ್ಕ
ಮಾಣಿ ಕೇಳಿದ್ದರಲ್ಲಿ ತಪ್ಪಿಲ್ಲ, ಹಳ್ಳಿಯಲ್ಲಿ ಎಲ್ಲರ ತಲೆಯಲ್ಲೂ ಅದೇ ಇರುತ್ತದೆ. ಡೇರಿ ಹಾಲು ಊರೆಲ್ಲ ಕುಡಿಯುತ್ತದೆ, ದನಕ್ಕೆ ಕೊಟ್ಟ ಮದ್ದಿನ ಅಂಶವೂ ಅದರಲ್ಲಿ ಉಳಿದಿರುತ್ತದೆ. ಅದಕ್ಕೆ ಅಲ್ಲಿಯ ಕಾಯಿದೆ ಬೇರೆ. ಇಲ್ಲಿ ತಾಯಿಯ ಎದೆಗೆ ಹೋಗಿರುವ ಸೂಕ್ಷ್ಮಾಣು ಬಹಳ ಸಲ ಮಗುವಿನ ಬಾಯಿ, ಮೂಗಿನಲ್ಲೇ ಇದ್ದದ್ದು. ಹಾಲಿನ ಜೊತೆ ಹೊಟ್ಟೆಗೆ ಹೋದರೂ ತಿಂಗಳು ತುಂಬಿ ಹುಟ್ಟಿದ, ಆರೋಗ್ಯವಾಗಿರುವ ಮಗುವಿಗೆ ಏನೂ ಆಗುವುದಿಲ್ಲ. ಬಾಳಂತಿಗೆ ಡಾಕ್ಟರು ಬರೆಯುವ ಆಂಟಿಬಯೋಟಿಕ್ ಕೂಡ ಹಾಲೂಡಿಸುವವರಿಗೆ ಆಗಿಬರುವಂಥದ್ದೇ ಇರುತ್ತದೆ. ಹಾಲೂಡಿಸುತ್ತಿದ್ದೇನೆ ಅಂತ ಒಂದು ಮಾತು ಹೇಳಬೇಕು, ಅಷ್ಟೇ. ಅವಧಿಗೆ ಮೊದಲೇ ಹುಟ್ಟಿದ ಅಥವಾ ತೂಕ ತೀರಾ ಕಡಿಮೆ ಇರುವ ಮಗುವಾದರೆ ಮಕ್ಕಳ ಡಾಕ್ಟರನ್ನೂ ಕೇಳಿ.

ನಾಲ್ಕನೇ ವರ್ಷ
ಮೆಡಿಕಲ್ ಓದ್ತಾ ಇದೀನಿ, ಊರು ಹೊನ್ನಾವರ. ಅಕ್ಕ ಹೇಳಿದ್ದು ಬಹುತೇಕ ಸರಿ, ಒಂದು ಕಡೆ ಮಾತ್ರ ತಕರಾರು. 'ಪೂರ್ತಿ ಹಿಂಡಿ ಖಾಲಿ ಮಾಡಬೇಕು' ಅನ್ನೋದು ಈಗ ಬದಲಾಗಿದೆ. ಅಕಾಡೆಮಿ ಆಫ್ ಬ್ರೆಸ್ಟ್‌ಫೀಡಿಂಗ್ ಮೆಡಿಸಿನ್ ಅನ್ನೋ ವೈದ್ಯರ ಸಂಸ್ಥೆ 2022ರಲ್ಲಿ ತನ್ನ ಮಾರ್ಗಸೂಚಿಯನ್ನೇ ತಿದ್ದಿದೆ. ನಾಳದೊಳಗೆ ಹಾಲು ಹೆಪ್ಪಾಗಿ ಕೂತಿರುತ್ತೆ, ಅದನ್ನ ಒತ್ತಿ ಹೊರಗೆ ತಳ್ಳಬೇಕು ಅಂತ ಮೊದಲು ತಿಳಿದಿದ್ದರು. ನಿಜಕ್ಕೂ ಹೆಚ್ಚಾಗಿ ಆಗಿರೋದು ನಾಳದ ಸುತ್ತಲಿನ ಭಾಗ ಊದಿಕೊಂಡು ನಾಳವನ್ನ ಹೊರಗಿನಿಂದ ಅಮುಕಿರೋದು. ಊದಿದ ಜಾಗವನ್ನ ಇನ್ನಷ್ಟು ತಿಕ್ಕಿದರೆ ಊತ ಏರುತ್ತೆ, ಒಳಗೆ ಸಣ್ಣ ರಕ್ತನಾಳಗಳಿಗೆ ಪೆಟ್ಟಾಗುತ್ತೆ. ಮೇಲಿಂದ ಮೇಲೆ ಪಂಪ್ ಹಾಕಿದರೆ ಮೈ ಇನ್ನೂ ಹೆಚ್ಚು ಹಾಲು ತಯಾರಿಸುತ್ತೆ, ಬಿಗಿತವೂ ಹೆಚ್ಚುತ್ತೆ.

ಮಗು ಕೇಳಿದಾಗೆಲ್ಲ ಎಂದಿನಂತೆ ಕುಡಿಸಿ. ನಡುನಡುವೆ ಬಟ್ಟೆಯಲ್ಲಿ ಸುತ್ತಿದ ಐಸ್ ಅಥವಾ ತಣ್ಣೀರು ಬಟ್ಟೆ ಹತ್ತು-ಇಪ್ಪತ್ತು ನಿಮಿಷ ಇಡಿ. ತಿಕ್ಕೋದು ಬೇಡ. ಕೈ ಆಡಿಸಲೇಬೇಕು ಅನ್ನಿಸಿದರೆ ಚರ್ಮದ ಮೇಲಷ್ಟೇ ಬೆರಳು ಜಾರಿಸಿ, ಎದೆಯಿಂದ ಕಂಕುಳ ಕಡೆಗೆ.

ಅಮ್ಮಮ್ಮನ ಮದ್ದು
ಬಾಳಂತಿಗೆ ಐಸಾ!! ಓದಿದ್ದು ಹೆಚ್ಚಾಯ್ತು ತಮ್ಮಾ ನಿಂಗೆ. ತಿಂಗಳ ಬಾಳಂತಿಗೆ ತಣ್ಣೀರು ಸೋಕಿಸಿದರೆ ಸನ್ನಿ ಹಿಡೀತು. ಮೈತುಂಬ ಬೆಚ್ಚಗೆ ಹೊದೆಸಿ ಬೆಂಕಿ ಹತ್ರ ಕೂರಿಸೋ ಹೊತ್ತಲ್ಲಿ ಐಸ್ ಇಡ್ತ್ರಡ.

ನಾಲ್ಕನೇ ವರ್ಷ
ಅಮ್ಮಮ್ಮ, ಮೈಯೆಲ್ಲ ತಣ್ಣೀರಲ್ಲಿ ಅದ್ದಿ ಅಂದಿಲ್ಲ ನಾನು. ಕಾಲು ಉಳುಕಿ ಊದಿದರೆ ಐಸ್ ಇಡ್ತೀರಲ್ಲ, ಅದೇ ಲೆಕ್ಕ.

ಅಮ್ಮಮ್ಮನ ಮದ್ದು
ಕಾಲಲ್ಲಿ ಹಾಲು ಬತ್ತಿಲ್ಲೆ.

ಬನವಾಸಿ ದಾರಿ
ಈ ಸುತ್ತು ಅಮ್ಮಮ್ಮನದ್ದು 😂

ವಾರ್ಡಿನ ಅಕ್ಕ
ಹುಡುಗ ಹೇಳಿದ್ದನ್ನು ನಾನೂ ಕೇಳಿದ್ದೇನೆ. ನಮಗೆ ಕಲಿಸಿದ್ದು ಹಿಂಡಿ ಖಾಲಿ ಮಾಡಲು. ಆದರೆ ತಮ್ಮಾ, ಮಗು ಆ ಬದಿ ಬಾಯಿಯೇ ಹಾಕದಿದ್ದರೆ? ತಾಯಿಗೆ ನೋವು ತಡೆಯಲಾಗದೆ ಎತ್ತಿಕೊಳ್ಳುವುದೇ ಆಗದಿದ್ದರೆ? ಹಿಂಡದೆ ಹಾಗೇ ಬಿಡಲು ಹೇಳ್ತೀಯಾ? ವಾರ್ಡಿನಲ್ಲಿ ಕಾಣುವ ತಾಯಂದಿರಲ್ಲಿ ಅರ್ಧ ಜನರದ್ದು ಇದೇ ಪಾಡು.

ನಾಲ್ಕನೇ ವರ್ಷ
ಬಿಡಬಾರದು ಅಕ್ಕ. ಮಗು ಕುಡಿಯುತ್ತಿದ್ದಷ್ಟನ್ನ ಕೈಯಿಂದ ಹಿಂಡಿ ತೆಗೆಯಬೇಕು. ಅದಕ್ಕಿಂತ ಹೆಚ್ಚು ತೆಗೆದು 'ಒಂದು ಹನಿ ಉಳಿಯಬಾರದು' ಅಂತ ಮಾಡೋದು ಬೇಡ, ಅಷ್ಟೇ ನನ್ನ ವಾದ.

ವಾರ್ಡಿನ ಅಕ್ಕ
ಹಾಗಾದರೆ ಜಗಳವಿಲ್ಲ. ಶಾಖದ ಬಗ್ಗೆಯೂ ಹೇಳಿಬಿಡುತ್ತೇನೆ. ಹಾಲೂಡಿಸುವ ಸ್ವಲ್ಪ ಮೊದಲು ಉಗುರು ಬೆಚ್ಚಗಿನ ಬಟ್ಟೆ ಇಟ್ಟರೆ ಕೆಲವರಿಗೆ ಹಿತವಾಗಿ ಹಾಲು ಸಲೀಸಾಗಿ ಇಳಿಯುತ್ತದೆ. ಅಷ್ಟಕ್ಕೆ ಅಡ್ಡಿಯಿಲ್ಲ. ಆದರೆ ಬಾಳಂತಿ ಮೀಯಿಸುವವರು ಹಂಡೆಯ ಕುದಿನೀರು ಸೋಕಿ, ಮೊಣಕೈ ಊರಿ ಗಂಟು ತಿಕ್ಕುತ್ತಾರಲ್ಲ, ಅದು ಬೇಡ. ಕಿರುಚಿದಷ್ಟೂ ಗಂಟು ಕರಗುತ್ತಿದೆ ಅಂತ ಅವರ ಲೆಕ್ಕ. ಚರ್ಮದ ಮೇಲೆ ಹಸಿರುಗಟ್ಟಿದ ಬೆರಳಿನ ಗುರುತು ಹೊತ್ತು ಬಂದ ಹುಡುಗಿಯರನ್ನು ನಾನು ನೋಡಿದ್ದೇನೆ.

ಬಾಳಂತಿಗೆ ನೀರು ಕೊಡಬಾರದು ಅನ್ನುವ ಮನೆಗಳೂ ಇನ್ನೂ ಇವೆ. ಜ್ವರ ಬಂದವಳಿಗೆ ನೀರು, ಗಂಜಿ, ಮಜ್ಜಿಗೆ ಏನಾದರೂ ಸರಿ, ಬಾಯಾರಿದಷ್ಟು ಕೊಡಿ.

ಊರ ಆಶಾ
ಆಶಾ ಕಾರ್ಯಕರ್ತೆಯಾಗಿ ಒಂದು ಮಾತು. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ನಾವು 3, 7, 14, 21, 28, 42ನೇ ದಿನ ಹೋಗ್ತೇವೆ. ಮಗುವಿನ ತೂಕ, ಹೊಕ್ಕುಳು ನೋಡ್ತಾರೆ ಅಂತ ಎಲ್ಲರಿಗೂ ಗೊತ್ತು. ತಾಯಿಯ ಎದೆ ಕೇಳಿದರೆ ಮಾತ್ರ 'ಎಂತೂ ಇಲ್ಲ, ಎಲ್ಲ ಚೊಲೊ ಇದ್ದು' ಅಂತ ಅತ್ತೆಯವರೇ ಉತ್ತರ ಕೊಟ್ಟು ಕಳಿಸ್ತಾರೆ. ಬಾಳಂತಿ ಒಳಗಿನ ಕೋಣೆಯಲ್ಲೇ ಉಳೀತಾಳೆ. ತೊಟ್ಟು ಬಿರಿದಿದೆ ಅಂತ ಆವಾಗಲೇ ಒಂದು ಮಾತು ಹೇಳಿದರೆ ಮಗುವನ್ನು ಎದೆಗೆ ಹಿಡಿಯುವ ರೀತಿ ತೋರಿಸಿಕೊಡಬಹುದು. ಬರೀ ತೊಟ್ಟು ಬಾಯಿಗಿಟ್ಟರೆ ಸಾಲದು. ಬಾಯಿ ದೊಡ್ಡದಾಗಿ ತೆರೆದಾಗ ತೊಟ್ಟಿನ ಸುತ್ತಲಿನ ಕಪ್ಪು ಭಾಗ ಸಾಕಷ್ಟು ಒಳಗೆ ಹೋಗಬೇಕು, ಗಲ್ಲ ಎದೆಗೆ ತಾಗಬೇಕು. ಬಿರುಕಿನಿಂದ ಸೂಕ್ಷ್ಮಾಣು ಒಳಗೆ ಹೋಗಬಹುದು.

ಮತ್ತೆ ಅಳಿಯಂದಿರಿಗೆ: ವಾಹನ ಸಿಗದಿದ್ದರೆ 108. ಏನು ಮಾಡಬೇಕು ಅಂತ ಕೇಳಲಿಕ್ಕೆ ಆರೋಗ್ಯ ಸಹಾಯವಾಣಿ 104.

ಯಲ್ಲಾಪುರ ತಿರುವು
108 ಬರ್ತದೆ, ರಸ್ತೆ ಎಲ್ಲಿದೆ? 2024ರ ಜುಲೈ 16ಕ್ಕೆ ಅಂಕೋಲಾದ ಶಿರೂರಲ್ಲಿ ಗುಡ್ಡ ಕುಸಿದಾಗ ಹೆದ್ದಾರಿ ಎಷ್ಟು ದಿನ ಮುಚ್ಚಿತ್ತು ನೆನಪಿದೆಯಾ? ತಿಂಗಳು ಕಳೆಯೋದರೊಳಗೆ ಕಾರವಾರದಲ್ಲಿ ಕಾಳಿ ಹಳೆ ಸೇತುವೆ ಬಿತ್ತು. ಒಂದು ದೊಡ್ಡ ಆಸ್ಪತ್ರೆ ಕೊಡಿ ಅಂತ 2022ರಲ್ಲಿ ಜಿಲ್ಲೆಗೆ ಜಿಲ್ಲೆಯೇ ಕೂಗಿತು. ಇವತ್ತಿಗೂ ಸ್ವಲ್ಪ ಹೆಚ್ಚು ಕಡಿಮೆಯಾದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲ ಗೋವಾ.

ಕಾಳಿ ಸೇತುವೆ
ಸೇತುವೆ ಬಿತ್ತು ಅಂತ ನನ್ನ ಹೆಸರು ಎಳೀಬೇಡಿ 😅 ಹೇಳಿದ್ದು ಸರಿ, ಆದರೆ ಈ ಕಾಯಿಲೆಗೆ ಮಣಿಪಾಲ ಬೇಡ. ತಾಲೂಕು ಆಸ್ಪತ್ರೆಯ ಹೆರಿಗೆ ಡಾಕ್ಟರು ಸಾಕು. ಮೊದಲ ದಿನವೇ ಹೋದರೆ ಮಾತ್ರೆಯಲ್ಲೇ ಮುಗಿಯುತ್ತದೆ.

ವಾರ್ಡಿನ ಅಕ್ಕ
ರಸ್ತೆಯ ಮಾತು ಬಂತಲ್ಲ, ಅದು ಇಲ್ಲಿಗೂ ಸೇರುವಂಥದ್ದೇ. '12ರಿಂದ 24 ಗಂಟೆ ನೋಡಿ, ಕಡಿಮೆಯಾಗದಿದ್ದರೆ ಬನ್ನಿ' ಅಂತ ಡಾಕ್ಟರು ಹೇಳುವುದು ಪೇಟೆಯವರಿಗೆ. ಆಷಾಢದ ಮಳೆಯಲ್ಲಿ, ಹಳ್ಳ ಏರಿದರೆ ದಾಟಲಾಗದ ಊರಲ್ಲಿ ಕೂತವರು ಆ ಲೆಕ್ಕ ಹಿಡಿಯಬಾರದು. ಹಗಲಿದ್ದಾಗ, ಬಸ್ಸಿದ್ದಾಗ ಹೊರಡಿ. ಜ್ವರ ಶುರುವಾದ ಮೇಲಂತೂ ಕಾಯುವ ಪ್ರಶ್ನೆಯೇ ಇಲ್ಲ.

ರಾತ್ರಿಯಾದರೂ ಸರಿ, ತಕ್ಷಣ 108ಕ್ಕೆ ಹೇಳಬೇಕಾದದ್ದು ಯಾವಾಗ ಅಂದರೆ: ಉಸಿರು ಜೋರಾಗಿ ಮೇಲೆ ಕೆಳಗೆ ಆಗ್ತಿದೆ, ಎದೆ ಬಡಿತ ಹಾರ್ತಿದೆ, ಕೈಕಾಲು ತಣ್ಣಗಾಗಿದೆ, ಮಾತು ತೊದಲುತ್ತಿದೆ ಅಥವಾ ಮಂಪರು ಬಂದಿದೆ, ಹೊತ್ತಾದರೂ ಮೂತ್ರವೇ ಬಂದಿಲ್ಲ. ನಂಜು ರಕ್ತಕ್ಕೆ ಏರಿದಾಗ ಹೀಗಾಗುತ್ತದೆ. ಅಪರೂಪ, ಆದರೆ ಹಾಗಾದಾಗ ಗಂಟೆಗಳ ಆಟ.

ಅಘನಾಶಿನಿ
ಜ್ವರಕ್ಕೆ ಅಲ್ಲಿವರೆಗೆ ಎಂತ ಕೊಡೋದು? ನಮ್ಮ ಅಕ್ಕನಿಗೆ ಬ್ರೂಫೆನ್ ಕೊಟ್ಟಿದ್ದರು, ನೋವು ಥಟ್ಟನೆ ಇಳಿದಿತ್ತು.

ನಾಲ್ಕನೇ ವರ್ಷ
ಬ್ರೂಫೆನ್, ಅಂದರೆ ಐಬುಪ್ರೊಫೆನ್, ಹಾಲೂಡಿಸುವವರಿಗೆ ಆಗಿಬರುತ್ತೆ, ಊತಕ್ಕೂ ಒಳ್ಳೆಯದೇ. ಆದರೆ ನಮ್ಮ ಜಿಲ್ಲೆಯಲ್ಲಿ, ಮಳೆಗಾಲದಲ್ಲಿ, ಡಾಕ್ಟರು ನೋಡೋದಕ್ಕೆ ಮೊದಲು ನಾನು ಅದನ್ನ ಕೊಡಲ್ಲ. ಚಳಿಜ್ವರ, ಮೈಕೈ ನೋವು ಡೆಂಗಿಯಲ್ಲೂ ಇರುತ್ತೆ. ಡೆಂಗಿ ಇದ್ದವರಿಗೆ ಐಬುಪ್ರೊಫೆನ್ ಕೊಟ್ಟರೆ ರಕ್ತಸ್ರಾವದ ಅಪಾಯ. ಪ್ಯಾರಾಸಿಟಮಾಲ್ ಕೊಡಿ. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ, ಅಸ್ತಮಾ ಇದ್ದವರಿಗೂ ಬ್ರೂಫೆನ್ ಕೇಳದೆ ಕೊಡಬಾರದು.

ಊರ ಆಶಾ
ಇದು ಒಳ್ಳೆ ಮಾತು ತಮ್ಮ. ಬಾಳಂತಿಗೆ ಜ್ವರ ಬಂದರೆ ಎಲ್ಲ ಎದೆಯದ್ದೇ ಅಲ್ಲ. ಕಿಬ್ಬೊಟ್ಟೆ ನೋವು, ಹೋಗುವ ರಕ್ತಕ್ಕೆ ಕೆಟ್ಟ ವಾಸನೆ ಇದ್ದರೆ ಗರ್ಭಕೋಶದ ಸೋಂಕು. ಸಿಸೇರಿಯನ್ ಆದವರಿಗೆ ಹೊಲಿಗೆ ನೋಡಬೇಕು. ಉರಿಮೂತ್ರ ಕೇಳಬೇಕು. ಕರಾವಳಿಯಲ್ಲಿ ಇಲಿಜ್ವರ, ಬೇಸಿಗೆಗೆ ಸಿದ್ದಾಪುರದ ಕಡೆ ಮಂಗನ ಕಾಯಿಲೆ. ಎದೆ ಮೆತ್ತಗಿದ್ದು ಜ್ವರ ಮಾತ್ರ ಇದ್ದರೆ ಇನ್ನೂ ಬೇಗ ಹೋಗಿ.

ಕೂಸಿನ ಆಯಿ
ಮೇಲೆ ಬರೆದ ಅಳಿಯ ನನ್ನ ಗಂಡ. ಅವರು ಬರೆದದ್ದರಲ್ಲಿ ಅರ್ಧ ಫೋನಿನಲ್ಲಿ ಕೇಳಿದ್ದು, ಇನ್ನರ್ಧ ಅವರದ್ದೇ ಊಹೆ. ನಾನೇ ಹೇಳ್ತೆ.

ನಿನ್ನೆ ಸಂಜೆ ಶುರುವಾದದ್ದಲ್ಲ. ಎಡಬದಿ ತೊಟ್ಟು ಬಿರಿದು ಸುಮಾರು ದಿನ ಆಗಿತ್ತು, ನೋವಿಗೆ ಆ ಬದಿ ಕಡಿಮೆ ಕುಡಿಸ್ತಾ ಇದ್ದೆ. ಮೊನ್ನೆ ನಾಮಕರಣ. ಬೆಳಿಗ್ಗೆಯಿಂದ ನೆಂಟರು, ಹೋಮ, ಫೋಟೋ. ಮದುವೆಯ ರೇಷ್ಮೆ ರವಿಕೆ ಹುಕ್ಕು ಹಾಕಲಿಕ್ಕೇ ಆಗದಷ್ಟು ಬಿಗಿ, ಆಯಿ, ಅಂದರೆ ನನ್ನ ಅಮ್ಮ, ಪಿನ್ನು ಹಾಕಿ ಮುಚ್ಚಿದ್ದು. ಕೂಸು ಅತ್ತರೆ ಯಾರೋ ಎತ್ತಿಕೊಂಡು ಹೋಗ್ತಿದ್ದರು, ತೊಟ್ಟಿಲಿಗೆ ಹಾಕುವ ಶಾಸ್ತ್ರ ಮುಗಿಯಲಿ ಅಂತ. ರವಿಕೆಯ ಎದೆ ಒದ್ದೆ ಆದದ್ದು ಫೋಟೋದಲ್ಲೂ ಕಾಣ್ತು. ಊಟದ ಪಂಕ್ತಿ ಎದ್ದ ಮೇಲೇ ಕುಡಿಸಿದ್ದು. ರಾತ್ರಿಯೇ ಎದೆ ಭಾರ ಆಗಿತ್ತು.

ಆಯಿಗೆ ಬೈಬೇಡಿ. ಅವಳಿಗೆ ಗೊತ್ತಿದ್ದದ್ದು ಅವಳು ಮಾಡಿದಳು. ಇಲ್ಲಿ ಬಂದದ್ದೆಲ್ಲ ಅವಳಿಗೇ ಓದಿ ಹೇಳಿದೆ. ಸುಣ್ಣದ ಮಾತು ಬಂದಾಗ ಸುಮ್ಮನಾದಳು, ಐಸಿನ ಮಾತು ಬಂದಾಗ ಮಾತ್ರ ಎದ್ದು ಹೋದಳು. ಈಗ ಅಣ್ಣ ಜೀಪು ತರ್ತಾ ಇದ್ದ. ಹೊರಟ್ಯ.

ಅಮ್ಮಮ್ಮನ ಮದ್ದು
ಹೋಗಿ ಬಾ ಕೂಸೆ. ಹೆದ್ರಡ. ಕಿವಿಗೆ ಬಟ್ಟೆ ಕಟ್ಕಂಡು ಹೋಗು, ಗಾಳಿ ಇದ್ದು.

ಕಾರವಾರದ ಬಾಯಿ
ಅವರು ಬರುವಷ್ಟರಲ್ಲಿ ನನ್ನದೂ ಹೇಳ್ತೇನೆ. ನನ್ನದು ಬಾವು ಕೀವಾದ ಕತೆ. ಮಾತ್ರೆ ಶುರುವಾದ ಮೇಲೆ ಜ್ವರ ಬಿಟ್ಟಿತು, ಹಾಗಾಗಿ ಎಲ್ಲರೂ ವಾಸಿಯಾಯಿತು ಅಂದುಕೊಂಡೆವು. ಗಂಟು ಮಾತ್ರ ಹಾಗೇ. ಆಮೇಲೆ ಒತ್ತಿದರೆ ಒಳಗೆ ನೀರು ತುಂಬಿದ ಹಾಗೆ ಅಲುಗತೊಡಗಿತು, ಮೇಲಿನ ಚರ್ಮ ನೇರಳೆ ಬಣ್ಣಕ್ಕೆ ತಿರುಗಿತು. ಮೊದಲು ತೋರಿಸಿದ ಕಡೆ 'ಹಾಲೇ ನಿಲ್ಲಿಸಿಬಿಡಿ' ಅಂತ ಹಾಲು ಬತ್ತುವ ಮಾತ್ರೆ ಬರೆದುಕೊಟ್ಟರು. ಚೀಟಿ ಹಿಡಿದು ಮನೆಗೆ ಬಂದು ಅಳುತ್ತ ಕೂತೆ. ಮನೆಯವರು ಇನ್ನೊಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಅವರು ಸ್ಕ್ಯಾನ್ ಮಾಡಿಸಿದರು, ಕೀವು ಕಂಡಿತು. ಆ ಜಾಗ ಮರಗಟ್ಟಿಸಿ ಸೂಜಿಯಿಂದ ಎಳೆದರು. ಸಿರಿಂಜಿನಲ್ಲಿ ಬಂದದ್ದು ನೋಡಿ ಜೊತೆಗಿದ್ದ ನಾದಿನಿಗೇ ತಲೆ ತಿರುಗಿತು, ನನಗಲ್ಲ. ಒಂದೇ ಸಲಕ್ಕೆ ಮುಗಿಯಲಿಲ್ಲ, ಮತ್ತೆ ತುಂಬಿತು, ಮತ್ತೆ ಎಳೆದರು. ಕೊಯ್ಯುವ ಪ್ರಸಂಗ ಬರಲಿಲ್ಲ. ಹಾಲೂ ನಿಲ್ಲಿಸಲಿಲ್ಲ. ಮಗ ಈಗ ಶಾಲೆಗೆ ಹೋಗ್ತಾನೆ, ನನ್ನ ತಲೆ ತಿಂತಾನೆ.

ನಾಲ್ಕನೇ ವರ್ಷ
ಬಾವು ಬಂದವರಲ್ಲಿ ನೂರಕ್ಕೆ 3ರಿಂದ 11 ಮಂದಿಗೆ ಹೀಗೆ ಕೀವು ಕಟ್ಟುತ್ತೆ ಅಂತ ಓದಿದ್ದೇನೆ. ಆಂಟಿಬಯೋಟಿಕ್ ಶುರು ಮಾಡಿ 48 ಗಂಟೆಯಲ್ಲಿ ಕಡಿಮೆ ಆಗದಿದ್ದರೆ, ಇಲ್ಲ ಜ್ವರ ಹೋಗಿಯೂ ಗಂಟು ಉಳಿದರೆ ಸ್ಕ್ಯಾನ್ ಕೇಳಿ. ಎರಡನೇ ಸಲವೂ ಬಂದರೆ ಹಾಲನ್ನ ಕಲ್ಚರ್‌ಗೆ ಕಳಿಸಿ ಯಾವ ಮದ್ದು ನಾಟುತ್ತೆ ಅಂತ ನೋಡ್ತಾರೆ.

ಭಟ್ಕಳ ಮಲ್ಲಿಗೆ
ಹಾಲು ಬತ್ತಿಸಬೇಕು ಅಂದರೆ ನಮ್ಮಲ್ಲಿ ಎದೆಗೆ ಮಲ್ಲಿಗೆ ದಂಡೆ ಕಟ್ತಾರೆ. ಅದು ನಿಜವಾ, ಮೂಢನಂಬಿಕೆಯಾ?

ನಾಲ್ಕನೇ ವರ್ಷ
ಆಶ್ಚರ್ಯ ಆಗಬಹುದು, ಅದನ್ನ ಪರೀಕ್ಷೆ ಮಾಡಿಯೇ ನೋಡಿದ್ದಾರೆ. ಮಲ್ಲಿಗೆ ಹೂವನ್ನ ಹಾಲು ಬತ್ತಿಸುವ ಬ್ರೊಮೊಕ್ರಿಪ್ಟಿನ್ ಮಾತ್ರೆಗೆ ಹೋಲಿಸಿದ ಅಧ್ಯಯನ 1988ರಲ್ಲಿ ಅಚ್ಚಾಗಿದೆ. ಹೂವಿನಿಂದಲೂ ಹಾಲು ಕಡಿಮೆಯಾಗಿತ್ತು.

ಭಟ್ಕಳ ಮಲ್ಲಿಗೆ
ನೋಡಿ! ನಮ್ಮೂರ ಹೂವು ಅಂದ್ರೆ ಸುಮ್ನೆ ಅಲ್ಲ.

ವಾರ್ಡಿನ ಅಕ್ಕ
ಖುಷಿ ಪಡಿ, ಆದರೆ ಬಾವು ಇರುವಾಗ ಮಲ್ಲಿಗೆಯೂ ಬೇಡ, ಮಾತ್ರೆಯೂ ಬೇಡ. ಎದೆಗೆ ಬಿಗಿಯಾಗಿ ಬಟ್ಟೆ ಸುತ್ತುವುದೂ ಬೇಡ. ಹೂವು ತಲೆಗೆ ಮುಡಿಯಿರಿ.

ಹುಬ್ಬಳ್ಳಿ ಅಳಿಯ
ಎಲ್ಲರಿಗೂ ಧನ್ಯವಾದ. ಶಿರಸಿಯಲ್ಲಿ ತೋರಿಸಿ ಆಯಿತು, ನಾನೂ ಸೀದಾ ಅಲ್ಲಿಗೇ ಬಂದೆ. ಬಾವೇ ಅಂದರು. ಈಗಿನ್ನೂ ಕೀವಿಲ್ಲ. ಆಂಟಿಬಯೋಟಿಕ್ ಬರೆದಿದ್ದಾರೆ, ಅರ್ಧಕ್ಕೆ ಬಿಡಬಾರದು ಅಂತ ಎರಡೆರಡು ಸಲ ಹೇಳಿದರು. ಮಳೆಗಾಲ ಅಂತ ರಕ್ತವನ್ನೂ ಪರೀಕ್ಷೆಗೆ ತೆಗೆದುಕೊಂಡರು. ಎರಡು ದಿನದಲ್ಲಿ ಇಳಿಯದಿದ್ದರೆ ಸ್ಕ್ಯಾನ್. ತಣ್ಣಗಿನ ಬಟ್ಟೆ ಇಡಿ ಅಂತ ಡಾಕ್ಟರಮ್ಮನೇ ಹೇಳಿದರು, ಅತ್ತೆ ಎದುರಿಗೇ ಇದ್ದರು 🙂

ಅಮ್ಮಮ್ಮನ ಮದ್ದು
ಡಾಕ್ಟರಮ್ಮ ಹೇಳಿದ್ರೆ ಇಡಲಿ. ನಾನು ಬೇಡ ಹೇಳಿದ್ದು ಮಾಣಿ ಹೇಳಿದ್ದಕ್ಕೆ.

ನಾಲ್ಕನೇ ವರ್ಷ
ಇನ್ನೂ ಓದಿ ಮುಗಿದಿಲ್ಲ ಅಮ್ಮಮ್ಮ, ಮುಗಿದ ಮೇಲೆ ಮತ್ತೆ ಹೇಳ್ತೇನೆ.

ಕೂಸಿನ ಆಯಿ
ಇವತ್ತು ಜ್ವರ ಇಲ್ಲೆ. ಗಟ್ಟಿ ಸ್ವಲ್ಪ ಮೆತ್ತಗಾಯ್ದು. ಆದರೆ ಕೂಸು ಎಡಬದಿ ಬಾಯಿ ಹಾಕಿ ಮುಖ ಕಿವುಚಿ ಬಿಟ್ಟುಬಿಡ್ತು. ಆ ಬದಿ ಹಾಲೂ ಕಡಿಮೆ ಆದ ಹಾಗೆ ಕಾಣ್ತು. ಕೆಟ್ಟಿದ್ದಾ ಹಂಗಾರೆ?

ವಾರ್ಡಿನ ಅಕ್ಕ
ಕೆಟ್ಟಿಲ್ಲ ತಂಗಿ. ಬಾವು ಬಂದಾಗ ಹಾಲಿನಲ್ಲಿ ಉಪ್ಪಿನಂಶ ಹೆಚ್ಚಾಗುತ್ತದೆ, ರುಚಿ ಬೇರೆಯಾಗುತ್ತದೆ. ಅದಕ್ಕೇ ಮುಖ ಕಿವುಚುವುದು. ಕೆಲವು ದಿನಕ್ಕೆ ಸರಿಹೋಗುತ್ತದೆ. ನಿದ್ದೆಗಣ್ಣಿನಲ್ಲಿರುವಾಗ ಆ ಬದಿ ಹಿಡಿದು ನೋಡು, ಆವಾಗ ಅಷ್ಟು ಹಟ ಮಾಡುವುದಿಲ್ಲ. ಕುಡಿಯದಿದ್ದರೆ ಅದು ಕುಡಿಯುತ್ತಿದ್ದಷ್ಟು ಕೈಯಿಂದ ಹಿಂಡಿ ತೆಗೆ. ಹಾಲು ಕಡಿಮೆಯಾದದ್ದು ಕೂಡ ಕುಡಿಸುತ್ತ ಹೋದ ಹಾಗೆ ಮತ್ತೆ ಬರುತ್ತದೆ. ತೊಟ್ಟಿನ ಬಿರುಕಿಗೆ ನಿನ್ನ ಹಾಲನ್ನೇ ಎರಡು ಹನಿ ಸವರಿ ಗಾಳಿಗೆ ಆರಲು ಬಿಡು.

ಊರ ಆಶಾ
ಎದೆಗೆ ಹಿಡಿಯುವ ರೀತಿ ನಿಮ್ಮೂರಿನ ಆಶಾ ಹತ್ತಿರ ತೋರಿಸಿಕೊಳ್ಳಿ. ಬಿರುಕಿನ ಮೂಲ ಅಲ್ಲೇ ಇರ್ತದೆ. ಅದು ಸರಿಯಾಗದಿದ್ದರೆ ಮಾತ್ರೆ ಮುಗಿದ ಮೇಲೆ ಮತ್ತೆ ಬರಬಹುದು.

ಸಿದ್ದಾಪುರ ಸಂತೆ
ಇದನ್ನೆಲ್ಲ ಓದಿ ಒಂದು ಕೇಳಬೇಕಾಯಿತು. ನಾನು ಮಗುವಿಗೆ ಹಾಲು ಬಿಡಿಸಿ ಸುಮಾರು ಕಾಲ ಆಯಿತು. ಬಲಬದಿ ಎದೆ ದಪ್ಪಗಾಗಿ ಬಿಸಿ ಇದೆ, ಜ್ವರ ಇಲ್ಲ. ಬಾವು ಅಂತ ಒಂದು ಕೋರ್ಸ್ ಆಂಟಿಬಯೋಟಿಕ್ ಕೊಟ್ಟರು, ಮುಗಿಯಿತು. ಕಡಿಮೆ ಆಗಿಲ್ಲ. ಚರ್ಮ ಒರಟಾಗಿ ಸಣ್ಣ ಸಣ್ಣ ಗುಳಿ ಬಿದ್ದ ಹಾಗಿದೆ. ಐಸ್ ಇಟ್ಟರೆ ಸಾಕಾ?

ವಾರ್ಡಿನ ಅಕ್ಕ
ಬೇಡ, ಇದು ಐಸ್ ಇಟ್ಟು ನೋಡುವಂಥದ್ದಲ್ಲ. ಹಾಲು ಬಿಡಿಸಿದ ಮೇಲೆ ಬಂದ ಬಾವು, ಮಾತ್ರೆ ಮುಗಿದರೂ ಇಳಿಯದ್ದು, ಚರ್ಮದಲ್ಲಿ ಗುಳಿ, ಇಷ್ಟಿದ್ದರೆ ಇನ್ನೊಂದು ಕೋರ್ಸ್ ಬರೆಸಿಕೊಂಡು ಸುಮ್ಮನಾಗಬೇಡಿ. ಸರ್ಜನ್ ಹತ್ತಿರ ತೋರಿಸಿ, ಸ್ಕ್ಯಾನ್ ಮಾಡಿಸಿ, ಬೇಕೆಂದರೆ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಬಾವಿನ ವೇಷದಲ್ಲಿ ಬರುವ ಕ್ಯಾನ್ಸರ್ ಒಂದಿದೆ. ಅಪರೂಪ, ನಿಮ್ಮದು ಅದೇ ಅಂತ ನಾನು ಹೇಳುತ್ತಿಲ್ಲ. ಅದಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು.

ಸಿದ್ದಾಪುರ ಸಂತೆ
ಮುಂದಿನ ವಾರ ತೋಟಕ್ಕೆ ಔಷಧಿ ಹೊಡೆಯೋದು ಮುಗೀತದೆ, ಆಮೇಲೆ ಹೋಗ್ತೇನೆ.

ವಾರ್ಡಿನ ಅಕ್ಕ
ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಯಲು ಆಳು ಬರ್ತಾರೆ, ನೀವು ಮರ ಹತ್ತುವವರಲ್ಲವಲ್ಲ. ನಾಳೆ ಹೋಗಿ. ಹಳೆ ಚೀಟಿ, ತಿಂದ ಮಾತ್ರೆಯ ಖಾಲಿ ಹಾಳೆ ಎರಡೂ ತೆಗೆದುಕೊಂಡು ಹೋಗಿ.

ಸಿದ್ದಾಪುರ ಸಂತೆ
ಆಯ್ತು ಅಕ್ಕ. ಬೆಳಗಿನ ಬಸ್ಸಿಗೇ ಹೊರಡ್ತೇನೆ.